ಕೊರಳ ಮೊಲೆ

ಮರಿಯ ಕೊರಳಿನಲ್ಲಿ ಒಂದೇ ಮೊಲೆಯಿತ್ತು. ಆಡಿನ ಕೊರಳ ಕೆಳಗೆ ಜೋಡಿಯಾಗಿ ತೂಗುವ ತೊಗಲಿನ ತುಣುಕುಗಳನ್ನು ಎಲ್ಲರೂ ನೋಡಿರುತ್ತಾರೆ. ಕಾಣಲು ಮೊಲೆಯಂತೆಯೇ ಇರುತ್ತವೆ, ಹಿಂಡಿದರೆ ಒಂದು ಹನಿ ಹಾಲಿಲ್ಲ. ಉಪಯೋಗಕ್ಕೆ ಬಾರದವರನ್ನು ‘ಆಡಿನ ಕೊರಳ ಮೊಲೆ’ ಎಂದು ಹಳಿಯುವುದು ನಮ್ಮ ಕಡೆಯ ರೂಢಿ. ಈ ಮರಿಗೆ ಎಡಗಡೆಯದೊಂದೇ ಇತ್ತು, ಬಲಗಡೆ ನುಣ್ಣಗಿತ್ತು. ಬಾಟಲಿಗೆ ಬಾಯಿ ಹಚ್ಚಿ ಅದು ಹಾಲು ಎಳೆಯುವಾಗ ಆ ಒಂಟಿ ಮೊಲೆ ಗಂಟೆಯ ನಾಲಗೆಯ ಹಾಗೆ ಅತ್ತಿತ್ತ ಆಡುತ್ತಿತ್ತು. ಇಷ್ಟು ವರ್ಷಗಳಾದರೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಅದೇ. ಆಮೇಲೆ ಕಾಣುವುದು ನನ್ನ ಅತ್ತಿಗೆಯ ಮುಖ.

ಅತ್ತಿಗೆಯ ಹೆಸರು ಹೊಳಿಯವ್ವ. ಅಣ್ಣ ಗುರುಸಿದ್ದನನ್ನು ಮದುವೆಯಾಗಿ ಅವಳು ನಮ್ಮ ಮನೆಯ ಹೊಸ್ತಿಲು ದಾಟಿದಾಗ ನನ್ನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತಲೆ ಬಾಚುವವರಿಲ್ಲದೆ ನನ್ನ ಕೂದಲು ಜಡೆಗಟ್ಟಿತ್ತು. ಮದುಮಗಳು ಇನ್ನೂ ಅರಿಸಿನದ ಕೈಯಲ್ಲೇ ನನ್ನನ್ನು ಎದುರಿಗೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಒಂದೊಂದೇ ಎಳೆಯನ್ನು ಬಿಡಿಸಿದಳು. ನಾನು ನೋವಿನಿಂದ ಅತ್ತರೆ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳಂತೆ. ಆ ದಿನದಿಂದ ನನಗೆ ಅವಳೇ ಅನ್ನ, ಅವಳೇ ಹಾಸಿಗೆ. ನೆಂಟರು ಬಂದು, “ಗುರುಸಿದ್ದಾ, ನಿನ್ನ ಹೆಂಡ್ತಿ ಮದುವಿ ದಿನಾನ ತಾಯಿ ಆಗ್ಯಾಳಲ್ಲೋ” ಎಂದು ನಗೆಯಾಡುತ್ತಿದ್ದರು.

ಹೀಗೆ ಬೆಳೆದವಳು ನಾನು. ಬೆಳೆದು ಕೌದಿ ಹೊಲಿಯುವುದನ್ನು ಕಲಿತೆ. ಊರವರು ತಂದುಕೊಟ್ಟ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬಂದರೆ ಹೊದಿಯಲು ಹದವಾದ ದಪ್ಪನೆಯ ಬಟ್ಟೆಯಾಗುತ್ತದೆ. ನನ್ನ ಹೊಲಿಗೆಗೆ ಹೆಸರಿತ್ತು. ಮದುವೆಯ ಮಾತುಗಳೂ ಬಂದವು. ಒಂದೊಂದು ಒಂದೊಂದು ಕಾರಣಕ್ಕೆ ಮುರಿದವು. ವಯಸ್ಸು ಏರಿದ ಮೇಲೆ ಬಂದವೆಲ್ಲ ಎರಡನೆಯ ಸಂಬಂಧಗಳು. ಒಬ್ಬನಿಗೆ ಹೆಂಡತಿ ಸತ್ತಿದ್ದಳು, ಇನ್ನೊಬ್ಬನಿಗೆ ಹೆಂಡತಿ ಬೇಡವಾಗಿದ್ದಳು. ನಾನು ಒಲ್ಲೆನೆಂದೆ. ಓಣಿಯ ಹೆಂಗಸರು ಬಾವಿಕಟ್ಟೆಯ ಮೇಲೆ ನನಗೂ ಆಡಿನ ಕೊರಳ ಮೊಲೆಗೂ ಹೋಲಿಕೆ ಮಾಡಿದ್ದು ನನ್ನ ಕಿವಿಗೂ ಬಿದ್ದಿತು. ಅಂದು ಬಂದು ಒಲೆಯ ಮುಂದೆ ಅತ್ತಾಗ ಅತ್ತಿಗೆ ಹಚ್ಚಿದ ದೀಪವನ್ನು ಮುಟ್ಟಿ ಹೇಳಿದಳು: “ನಿನ್ನ ಕೇಳದ ಈ ಮನಿಯಿಂದ ಯಾರಿಗೂ ಮಾತು ಹೋಗಂಗಿಲ್ಲ, ತಂಗೆವ್ವ. ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ.” ದೀಪ ಮುಟ್ಟಿ ಆಡಿದ ಮಾತು. ನನಗೆ ಜಗತ್ತಿನಲ್ಲಿ ಬೇರೆ ಯಾವ ಆಸ್ತಿಯೂ ಇರಲಿಲ್ಲ, ಇದೊಂದಿತ್ತು.

ಅದಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ಬಂದಳು. ನನ್ನ ಮಡಿಲಲ್ಲಿ ಹರಡಿದ್ದ ಕೌದಿಯನ್ನು ಸರಿಸಿ ಅದನ್ನು ಅಲ್ಲಿ ಇಟ್ಟಳು. ಮೈ ಕೆಂಪು, ಮುಖ ಕಪ್ಪು. ಆಡಿನ ಮರಿ, ಹೊಕ್ಕಳ ಬಳ್ಳಿ ಇನ್ನೂ ಹಸಿಯಾಗಿತ್ತು. ಅದು ನನ್ನ ಹೆಬ್ಬೆರಳನ್ನು ಹುಡುಕಿ ಬಾಯಿಗೆ ಹಾಕಿಕೊಂಡಿತು.

“ಇದರ ತಾಯಿ ಸತ್ತೈತಿ” ಎಂದಳು ಅತ್ತಿಗೆ. “ಎಲ್ಲಾರೂ ಇದು ಬದಕಂಗಿಲ್ಲ ಅಂದ್ರು. ನೀ ಬದುಕಿಸಿದ್ರ ಇದು ನಿಂದs.”

“ಬದುಕಲಿಲ್ಲ ಅಂದ್ರ?”

“ನಿನ್ನ ತೊಡಿ ಮ್ಯಾಗ ಇಟ್ಟೀನಿ. ಬದಕ್ತೈತಿ.”

ಗುಲಗಂಜಿಯ ಬಣ್ಣವಿದ್ದುದರಿಂದ ಗುಲಗಂಜಿ ಎಂದೇ ಕರೆದೆ. ಮೊದಲು ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟೆ. ಅರ್ಧ ಹಾಲು ಗದ್ದದ ಮೇಲೆ, ಇನ್ನರ್ಧ ನನ್ನ ಸೀರೆಯ ಮೇಲೆ. ಅಣ್ಣ ಔಷಧಿ ಅಂಗಡಿಯಿಂದ ರಬ್ಬರಿನ ತೊಟ್ಟು ತಂದುಕೊಟ್ಟ. ಅದನ್ನು ಉದ್ದ ಕೊರಳಿನ ಬಾಟಲಿಗೆ ಏರಿಸಿ, ಸೂಜಿ ಕಾಯಿಸಿ ತೂತು ಮಾಡಿದೆ. ತೂತು ದೊಡ್ಡದಾದರೆ ಮರಿಗೆ ನೆತ್ತಿಗೆ ಹತ್ತುತ್ತದೆ, ಸಣ್ಣದಾದರೆ ಸಿಟ್ಟು ಬರುತ್ತದೆ. ಬಾಟಲಿಯನ್ನು ಎತ್ತರಕ್ಕೆ ಹಿಡಿಯಬೇಕು. ತಾಯಿಯ ಕೆಚ್ಚಲಿನ ಕೆಳಗೆ ನಿಂತಾಗ ಹೇಗೋ ಹಾಗೆ ಮರಿ ತಲೆಯೆತ್ತಿ ಕುಡಿಯಬೇಕು. ಹೊಟ್ಟೆ ಬಿರಿಯುವಷ್ಟು ಕೊಡಬಾರದು. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಬಾಲದ ಕೆಳಗೆ ಒರೆಸಬೇಕು. ತಾಯಿ ನೆಕ್ಕುವುದು ಸುಮ್ಮನೆ ಮುದ್ದಿಗಲ್ಲ, ನೆಕ್ಕದಿದ್ದರೆ ಮರಿಗೆ ಹೊರಕಡೆಗೂ ಆಗದು. ಇದನ್ನೆಲ್ಲ ನನಗೆ ಕಲಿಸಿದವಳು ಅತ್ತಿಗೆಯೇ.

ಹಾಲು ತರುವವಳೂ ಅವಳೇ. ಬೆಳಿಗ್ಗೆ ಸಂಜೆ ಹಿತ್ತಾಳೆಯ ತಂಬಿಗೆ ಹಿಡಿದು ಹೋಗಿ ನೊರೆಹಾಲು ತರುತ್ತಿದ್ದಳು. ಆಡಿನ ಹಾಲೇ. ನಾನು ಹೋಗಿ ತರುತ್ತೇನೆಂದರೆ ಬಿಡುತ್ತಿರಲಿಲ್ಲ. ಯಾರ ಮನೆಯದೆಂದು ಕೇಳಿದರೆ, “ಹಾಲು ಕುಡಿಯೋರು ಹಾಲಿನ ಊರು ಕೇಳಬಾರದು” ಎಂದು ನನ್ನ ಮೂಗು ಹಿಂಡುತ್ತಿದ್ದಳು. ಕಂಡವರ ಆಡಿನ ಹಾಲು ಕುಡಿದ ಮರಿ ಒಮ್ಮೆಯಾದರೂ ಭೇದಿ ಮಾಡಿಕೊಳ್ಳದೆ ಇರುವುದಿಲ್ಲ. ಗುಲಗಂಜಿಗೆ ಏನೂ ಆಗಲಿಲ್ಲ. ಅಷ್ಟೇ ಅಲ್ಲ, ತಂಬಿಗೆ ಅಂಗಳ ಸೇರುವ ಮೊದಲೇ ವಾಸನೆ ಹಿಡಿದು, ಕಾಲು ನೆಟ್ಟಗಾಗದಿದ್ದಾಗಲೂ ತೆವಳಿಕೊಂಡು ಹೋಗುತ್ತಿತ್ತು. ಖಾಲಿ ತಂಬಿಗೆಯನ್ನು ಮೂಸುತ್ತ ಮೂಲೆಯಲ್ಲಿ ನಿಂತುಬಿಡುತ್ತಿತ್ತು. ಎಷ್ಟು ಹೊಟ್ಟೆಬಾಕ ಎಂದು ನಾನು ನಗುತ್ತಿದ್ದೆ. ನಕ್ಕಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರಿ ಜಿಗಿಯಲು ಕಲಿತ ದಿನಗಳಲ್ಲಿ ಕೌದಿ ಹೊಲಿಸಲೆಂದು ಪರವೂರಿನ ಒಬ್ಬ ಮುದುಕಿ ಬಂದಳು. ಚಿನ್ನವ್ವ ಎಂದು ಹೆಸರು. ಗಟ್ಟಿ ಮೈಕಟ್ಟು, ಹಣೆಯ ತುಂಬ ವಿಭೂತಿ, ಸೊಂಟದ ಮೇಲೆ ಒಂದು ಹಸುಗೂಸು. ಜೊತೆಗೆ ಗಂಟಿನ ತುಂಬ ಸೀರೆಗಳು.

“ಮೊಮ್ಮಗಳಿಗೆ ಹೊದಿಸಾಕ ಬೇಕವ್ವ” ಎಂದಳು. “ಸೀರಿ ಇದರ ತಾಯೀವು. ಹೋಗಿಬಿಟ್ಲು, ಪಾಪ.”

ಸೀರೆಗಳನ್ನು ಬಿಡಿಸಿ ನೋಡಿದೆ. ಹಚ್ಚಗೆ, ಕೆಂಪಗೆ, ಬಣ್ಣವೂ ಮಾಸದ ಸೀರೆಗಳು. ಒಂದರ ಸೆರಗಿನಲ್ಲಿ ಎದೆಹಾಲಿನ ಕಲೆ ಇನ್ನೂ ಗಟ್ಟಿಯಾಗಿ ಅಂಟಿತ್ತು. ಯಾವ ಬಣ್ಣ ಎಲ್ಲಿರಬೇಕು, ಮೂಲೆಗೆ ಗೊಂಡೆ ಬೇಕೇ ಎಂದು ಕೇಳಿದರೆ ಚಿನ್ನವ್ವ, “ನಿನಗ ಚೆಂದ ಕಂಡಂಗ ಮಾಡವ್ವ” ಎಂದು ಬಿಟ್ಟಳು. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ, “ತಂಗೆವ್ವ, ಮರೀಗೆ ಹಾಲು ಕುಡಿಸೋ ಹೊತ್ತಾತು” ಎಂದು ಬಾಟಲಿ ತಂದು ಕೈಗಿಟ್ಟಳು. ನಾನು ಅಂಗಳದಲ್ಲೇ ಕುಳಿತು ಕುಡಿಸಿದೆ. ಗುಲಗಂಜಿ ಮುಂಗಾಲುಗಳನ್ನು ನನ್ನ ತೊಡೆಯ ಮೇಲೆ ಊರಿ, ಬಾಲವನ್ನು ಪಟಪಟ ಆಡಿಸುತ್ತ ಎಳೆಯಿತು. ಚಿನ್ನವ್ವ ನೋಡಿದಳು. ಕುಡಿಸಿ ಮುಗಿಸಿ ಮರಿಯ ಬಾಯಿ ಒರೆಸುವವರೆಗೂ ನೋಡಿದಳು.

ಆಮೇಲೆ ಅವಳು ಮತ್ತೆ ಮತ್ತೆ ಬಂದಳು. ಕೌದಿ ಎಲ್ಲಿಗೆ ಬಂತೆಂದು ಕೇಳಲು ಬಂದೆ ಎನ್ನುವಳು, ಕೌದಿಯ ಕಡೆಗೆ ಕಣ್ಣೂ ಹಾಯಿಸಳು. ಬಂದಾಗಲೆಲ್ಲ ಮರಿಗೆ ಹಾಲು ಕುಡಿಸುವ ಹೊತ್ತೇ ಆಗಿರುತ್ತಿತ್ತು. ಒಮ್ಮೆ ಕೂಸನ್ನು ನನ್ನ ಮಡಿಲಿಗೆ ಹಾಕಿ ನೀರು ಕುಡಿಯಲು ಒಳಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ಕೂಸು ನನ್ನ ಬಳೆ ಹಿಡಿದು ಎಳೆಯಿತು. ಗುಲಗಂಜಿ ಬಂದು ಅದರ ಅಂಗಾಲನ್ನು ಮೂಸಿತು. ಕೂಸು ಮರಿಯ ಕೊರಳ ಮೊಲೆಯನ್ನು ಗಪ್ಪನೆ ಹಿಡಿದು ಕೇಕೆ ಹಾಕಿ ನಕ್ಕಿತು, ನಗುನಗುತ್ತಲೇ ನನ್ನ ಸೀರೆ ಒದ್ದೆ ಮಾಡಿತು. ಆ ಬಿಸಿ ತೊಡೆಗೆ ತಾಕಿದಾಗ ನನ್ನೊಳಗೆ ಏನೋ ಕದಲಿತು. ಸುಳ್ಳು ಯಾಕೆ ಹೇಳಲಿ? ಆ ದಿನ ಸೀರೆ ಬದಲಿಸಲು ನನಗೆ ಮನಸ್ಸೇ ಬರಲಿಲ್ಲ.

ಗುಲಗಂಜಿ ಬೇಲಿಯ ಎಲೆಗೆ ಬಾಯಿ ಹಾಕತೊಡಗಿದ್ದೇ ತಡ, ಹಾಲು ಬಿಡಿಸು ಎಂದು ಅತ್ತಿಗೆ ಬೆನ್ನು ಹತ್ತಿದಳು.

“ಇನ್ನೊಂದಿಷ್ಟು ದಿನ ಕುಡೀಲಿ ಬಿಡು ಅತ್ತಿಗಿ. ಹಾಲು ನೀ ತರಾಕತ್ತಿ ಅಂತ ಬ್ಯಾಸರಾತೇನು?”

“ಬ್ಯಾಸರಲ್ಲ. ತಡಾ ಆದಂಗೆಲ್ಲ ಬಿಡಸೋದು ಕಷ್ಟ. ಅದಕ್ಕೂ ಕಷ್ಟ, ನಿನಗೂ ಕಷ್ಟ.”

ಹಾಲಿಗೆ ನೀರು ಬೆರೆಸುತ್ತ ಬಂದೆ. ಗುಲಗಂಜಿ ನೀರನ್ನೂ ಹಾಲೆಂದೇ ಕುಡಿಯಿತು. ನನ್ನ ಕೈಯಿಂದ ಬಂದದ್ದೆಲ್ಲ ಅದಕ್ಕೆ ಹಾಲೇ. ಕೊನೆಗೆ ಅತ್ತಿಗೆ ಬೇವಿನ ಎಲೆ ಅರೆದು ಬಟ್ಟಲಲ್ಲಿ ತಂದಳು. ರಬ್ಬರಿನ ತೊಟ್ಟಿಗೆ ಅದನ್ನು ದಪ್ಪಗೆ ಸವರಿ ನನ್ನ ಕೈಗೆ ಕೊಟ್ಟಳು. ನೀನೇ ಕೊಡು ಎಂದರೆ, “ನಾ ಕೊಟ್ರ ನನ್ನ ಬಿಡ್ತೈತಿ. ಬಿಡಬೇಕಾಗಿದ್ದು ನಿನ್ನ” ಎಂದಳು.

ಗುಲಗಂಜಿ ಎಂದಿನಂತೆ ಓಡಿ ಬಂದು ಬಾಯಿ ಹಾಕಿತು. ಒಂದು ಸಲ ಎಳೆದು ನಿಂತಿತು. ಸೀನಿ ತಲೆ ಕೊಡವಿತು. ಏನೋ ತಪ್ಪಾಗಿರಬೇಕು ಎನ್ನುವಂತೆ ನನ್ನ ಮುಖ ನೋಡಿ ಮತ್ತೆ ಬಾಯಿ ಹಾಕಿತು. ಮತ್ತೆ ಕಹಿ. ಹಿಂದೆ ಸರಿದು ಗೋಡೆಗೆ ಮೈ ಹಚ್ಚಿ ನಿಂತು ಒಂದೇ ಸಮನೆ ಅರಚಿತು. ಕೆಲವು ದಿನಗಳ ಮೇಲೆ ಮನಸ್ಸು ತಡೆಯದೆ ತೊಟ್ಟನ್ನು ತೊಳೆದು ಬರೀ ಹಾಲು ಹಾಕಿ ಹಿಡಿದೆ. ಅದು ದೂರದಿಂದಲೇ ಬಾಟಲಿಯನ್ನು ನೋಡಿ ಮುಖ ತಿರುಗಿಸಿತು. ನಾನು ಅಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಅತ್ತಿಗೆ ಬಂದು ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. “ಬಿಡಸೋದು ಅಂದ್ರ ಹಿಂಗs. ಕುಡದೋರು ಮರೀತಾರ, ಕುಡಿಸಿದೋರಿಗೇ ಸಂಕಟ” ಎಂದು ತಾನೂ ಅತ್ತಳು. ಆ ಅಳು ಸುಳ್ಳಲ್ಲವೆಂದು ಇವತ್ತಿಗೂ ನಂಬುತ್ತೇನೆ. ಸುಳ್ಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹಾಲು ಬಿಟ್ಟ ಮರಿಯನ್ನು ಮಂದೆಯ ಜೊತೆ ಮೇಯಲು ಬಿಡಬೇಕು. ನಮ್ಮ ಓಣಿಯ ಮುಂದೆ ದಿನವೂ ಮೌಲಾಬಿಯ ಆಡುಗಳು ಹಾದು ಹೋಗುತ್ತಿದ್ದವು. ಮೌಲಾಬಿ ಕೆರೆಯಾಚೆಯ ಓಣಿಯವಳು, ಗಂಡ ಸತ್ತ ಮೇಲೆ ಆಡು ಸಾಕಿಯೇ ಮಕ್ಕಳನ್ನು ದಡ ಮುಟ್ಟಿಸಿದವಳು. ಅವಳ ಮಂದೆಗೆ ಬಿಡೋಣವೆಂದರೆ ಅತ್ತಿಗೆ ಬೇಡವೇ ಬೇಡ ಎಂದಳು. “ಅಕಿ ಆಡಿಗೆ ಕಾಲುಬಾಯಿ ಬ್ಯಾನಿ ಐತಿ. ಮನ್ಯಾಗ ಕಟ್ಟು, ನಾ ಬ್ಯಾರೆ ಆಡಿನ ಮಂದಿ ನೋಡ್ತೀನಿ.” ಹೇಳಿ ತವರಿಗೆ ಹೋದಳು, ತಂಗಿಗೆ ಮೈಯಲ್ಲಿ ಹುಷಾರಿಲ್ಲವೆಂದು. ಅವಳ ತಂಗಿಯನ್ನು ಯಾವ ಮನೆಗೆ ಕೊಟ್ಟಿದ್ದರೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಮದುವೆಯ ಹೊತ್ತಿಗೆ ನಾನು ಜ್ವರದಲ್ಲಿ ಮಲಗಿದ್ದೆ.

ಕಟ್ಟಿಹಾಕಿದ ಗುಲಗಂಜಿ ಅರಚಿ ಅರಚಿ ದನಿ ಕಳೆದುಕೊಳ್ಳುತ್ತ ಬಂತು. ಓಣಿಯಲ್ಲಿ ಮೌಲಾಬಿಯ ಮಂದೆಯ ಸದ್ದು ಕೇಳಿತು. ಇಣುಕಿ ನೋಡಿದೆ. ಒಂದಾದರೂ ಆಡು ಕುಂಟುತ್ತಿರಲಿಲ್ಲ, ಒಂದರ ಬಾಯಲ್ಲೂ ಜೊಲ್ಲಿರಲಿಲ್ಲ. ಅತ್ತಿಗೆಗೆ ಯಾರೋ ತಪ್ಪು ಹೇಳಿದ್ದಾರೆಂದುಕೊಂಡೆ. ಹಗ್ಗ ಬಿಚ್ಚಿ ಮರಿಯನ್ನು ಎತ್ತಿಕೊಂಡು ಹೊರಗೆ ಬಂದೆ.

ನನ್ನ ತೋಳಿನಲ್ಲಿದ್ದ ಗುಲಗಂಜಿ ಇನ್ನೊಮ್ಮೆ ಅರಚಿತು. ಮಂದೆಯ ಮುಂದಿದ್ದ ಒಂದು ಆಡು ಗಕ್ಕನೆ ನಿಂತು ತಿರುಗಿತು. ಮೈ ಕೆಂಪು, ಮುಖ ಕಪ್ಪು. ಉಳಿದ ಆಡುಗಳನ್ನು ಹಾಯುತ್ತ, ದಬ್ಬುತ್ತ ಓಡಿ ಬಂದು ನನ್ನ ಸೀರೆಗೆ ಮೂತಿ ಇಟ್ಟಿತು. ನಾನು ಮರಿಯನ್ನು ಕೆಳಗಿಳಿಸಿದೆ. ಅದು ಮರಿಯ ಬಾಲದ ಕೆಳಗೆ ಮೂಸಿ, ಗಂಟಲೊಳಗೇ ಸಣ್ಣಗೆ ಒಂದು ದನಿ ಮಾಡಿತು. ಆ ದನಿಯನ್ನು ಆಡು ಬೇರೆ ಯಾರಿಗೂ ಮಾಡುವುದಿಲ್ಲ. ನಾನು ಅದರ ಕೊರಳು ನೋಡಿದೆ. ಎಡಗಡೆ ಒಂದೇ ಮೊಲೆ.

“ನೋಡು, ತಾಯಿ ಗುರತಾ ಹಿಡೀತು” ಎಂದಳು ಮೌಲಾಬಿ ಬಾಯ್ತುಂಬ ನಗುತ್ತ. “ಎಷ್ಟ ದಿನಾ ಆದ್ರೂ ಮರೆಯಂಗಿಲ್ಲ ಇವು.”

“ಇದರ ತಾಯಿ ಸತ್ತೈತಲ್ಲ?” ಎಂದೆ.

“ಯಾರ ಹೇಳಿದ್ರು? ಹಾಲು ದಿನಾ ಇದರದs ಹೋಗ್ತಿತ್ತಲ್ಲವಾ ನಿಮ್ಮ ಮನಿಗೆ. ಹಡದು ಮೈ ಆರಿದ್ದಿಲ್ಲ, ನಿಮ್ಮ ಅತ್ತಿಗಿ ಬಂದು ಮರಿ ಕೇಳಿದ್ಲು. ಪಾಪ, ಇದು ಎಷ್ಟೋ ದಿನ ಗೂಟದ ಸುತ್ತ ತಿರಗಿ ತಿರಗಿ ಒದರ್ತಿತ್ತು.”

“ಯಾಕ ಕೇಳಿದ್ಲು?”

ಮೌಲಾಬಿಯ ನಗು ನಿಂತಿತು. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ನಿನ್ನ ತೊಡಿ ನೋಡಾಕ ಬರ್ತಾರ ಅಂದ್ಲು. ತಬ್ಬಲಿ ಮರಿ ಒಂದು ತೊಡಿ ಮ್ಯಾಲ ಇರಬೇಕು ಅಂದ್ಲು. ನಿನಗ ಗೊತ್ತಿಲ್ಲೇನು? ನಿನಗೂ ಗೊತ್ತದ ಅಂತ ತಿಳಕೊಂಡಿದ್ನಲ್ಲ! ಮರಿ ಬದಲಿಗೆ ನೀ ಹೊಲಿದ ಕೌದೀನೂ ಕೊಟ್ಲು ನನಗ. ಹಸರ ಅಂಚಿಂದು.”

ಹಸಿರು ಅಂಚಿನ ಕೌದಿ ಅತ್ತಿಗೆಗೆಂದೇ ನಾನು ಹೊಲಿದುಕೊಟ್ಟದ್ದು. ಚೆನ್ನಾಗಿದೆ, ಸುಮ್ಮನೆ ಹೊದ್ದು ಯಾಕೆ ಹಾಳು ಮಾಡಲಿ, ಪೆಟ್ಟಿಗೆಯಲ್ಲಿಡುತ್ತೇನೆ ಎಂದು ಹೇಳಿದ್ದಳು.

ತೊಡೆ ನೋಡುವುದೆಂದರೆ ಏನೆಂದು ನಮ್ಮ ಊರಿನ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯಿಲ್ಲದ ಕೂಸಿರುವ ಮನೆಗೆ ಎರಡನೆಯವಳನ್ನು ತರುವ ಮೊದಲು ಆ ಮನೆಯ ಹಿರಿಯಳು ಬೇರೇನೋ ನೆಪ ತೆಗೆದು ಹೆಣ್ಣಿನ ಮನೆಗೆ ಹೋಗುತ್ತಾಳೆ. ಬಣ್ಣ ನೋಡುವುದಿಲ್ಲ, ಅಡುಗೆ ನೋಡುವುದಿಲ್ಲ. ಹೆತ್ತದ್ದಲ್ಲದ ಜೀವವನ್ನು ಅವಳ ತೊಡೆ ಹೇಗೆ ತಾಳುತ್ತದೆಂದು ನೋಡುತ್ತಾಳೆ. ಅದಕ್ಕೊಂದು ಪರದೇಶಿ ಕರುವೋ, ಮರಿಯೋ, ನೆರೆಮನೆಯ ಕೂಸೋ ಬೇಕು. ನನಗಾಗಿ ಪರದೇಶಿ ಮರಿ ಸಿಗದಿದ್ದಾಗ ಅತ್ತಿಗೆ ಒಂದನ್ನು ಪರದೇಶಿ ಮಾಡಿದ್ದಳು.

ನನ್ನ ಕಣ್ಣೆದುರಿಗೆ ತಾಯಿ ಆಡು ಹಿಂಗಾಲು ಅಗಲಿಸಿ ನಿಂತಿತು. ಕೆಚ್ಚಲು ತುಂಬಿತ್ತು. ಗುಲಗಂಜಿ ಹೋಗಿ ಮೂಸಿತು, ತೊಟ್ಟಿನ ಹತ್ತಿರಕ್ಕೆ ಬಾಯಿ ಒಯ್ದಿತು. ಅಲ್ಲಿಯೇ ನಿಂತು ಸೀನಿ, ತಲೆ ಕೊಡವಿ ಹಿಂದೆ ಸರಿಯಿತು. ತಾಯಿ ಮತ್ತೆ ತಿರುಗಿ ಕೆಚ್ಚಲನ್ನು ಅದರ ಮುಖದ ಹತ್ತಿರ ತಂದಿತು. ಮರಿ ಬಂದು ನನ್ನ ಕಾಲಿನ ಹಿಂದೆ ಅಡಗಿತು. ಮೌಲಾಬಿ, “ಯಾ ಅಲ್ಲಾ!” ಎಂದು ಹಣೆ ಬಡಿದುಕೊಂಡಳು.

ಮನೆಗೆ ಬಂದು ಚಿನ್ನವ್ವನ ಕೌದಿ ಬಿಡಿಸಿ ಕುಳಿತೆ. ಹೊಲಿಗೆ ಮುಗಿಯಲು ಒಂದು ಮೂಲೆಯಷ್ಟೇ ಉಳಿದಿತ್ತು. ಎದೆಹಾಲಿನ ಕಲೆಯಿದ್ದ ಸೆರಗನ್ನು ಕೂಸಿನ ಕೆನ್ನೆಗೆ ತಾಕುವ ಕಡೆ ಬರುವಂತೆ ಹಚ್ಚಿದ್ದೆ. ಅದರ ಮೇಲೆ ಕೈಯಾಡಿಸುತ್ತಿದ್ದಾಗ ಒಂದು ಯೋಚನೆ ಬಂತು. ಹೋಗಿಬಿಟ್ಟಳು ಎಂದಿದ್ದಳು ಚಿನ್ನವ್ವ. ಎಲ್ಲಿಗೆ ಹೋದಳೆಂದು ಹೇಳಿರಲಿಲ್ಲ.

ಅತ್ತಿಗೆ ಮರುದಿನ ಮಧ್ಯಾಹ್ನ ಬಂದಳು. ಮುಖ ಗೆಲುವಾಗಿತ್ತು. ಬುಟ್ಟಿಯ ತುಂಬ ತೆಂಗಿನಕಾಯಿ, ವೀಳ್ಯದೆಲೆ, ಹಸಿರು ಬಳೆ. ಎಲೆ ಬಾಡದಂತೆ ನೀರು ಚಿಮುಕಿಸುತ್ತ ಕುಳಿತಳು. ಅಣ್ಣ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ.

“ಆ ಕೂಸಿನ ತಾಯಿ ಎಲ್ಲಿ ಅದಾಳ ಅತ್ತಿಗಿ?” ಎಂದೆ.

“ಯಾವ ಕೂಸು? ಚಿನ್ನವ್ವಂದಾ? ಸತ್ತಾಳಂತ ಹೇಳಿಲ್ಲೇನು?”

“ಮರೀ ತಾಯೀನೂ ಸತ್ತೈತಿ ಅಂತ ಹೇಳಿದ್ದಿ.”

ನೀರು ಚಿಮುಕಿಸುವ ಕೈ ನಿಂತಿತು. ಅಣ್ಣನ ಅಡಕತ್ತಿನ ಸದ್ದೂ ನಿಂತಿತು. ಅತ್ತಿಗೆ ತಲೆ ಎತ್ತಲಿಲ್ಲ. “ಇದ್ದೂ ಇಲ್ಲದಂಗ ಅದಾಳ” ಎಂದಳು. “ತವರಮನ್ಯಾಗ ಅದಾಳ. ಅಕಿಗೆ ಮೂರ್ಛೆ ಬ್ಯಾನಿ. ನಿಂತಲ್ಲೇ ಬೀಳ್ತಾಳ. ಕೂಸಿನ್ನ ಎತಗೊಂಡು ಒಲಿ ಮುಂದ ಬಿದ್ರ ಏನ್ ಗತಿ? ಕೂಸು ಇಟ್ಕೊಂಡು ಅಕಿನ್ನ ಕಳಸ್ಯಾರ. ಈಗ ಆ ಕೂಸು ನನ್ನ ತಂಗಿ ಕೊರಳಿಗೆ ಬಿದ್ದೈತಿ. ಅಕಿ ಅದs ಮನಿ ಹಿರೇ ಸೊಸಿ. ತನ್ನವೇ ಮೂರು ಕೂಸು, ಮ್ಯಾಲಿಂದ ಇದು. ಒಣಗಿ ಕಡ್ಡಿ ಆಗ್ಯಾಳ.”

“ಅದಕ್ಕ ನನ್ನ ಕೊಟ್ಟಿ.”

“ನಿನಗೂ ಒಂದು ಮನಿ ಆಗಲಿ ಅಂತ ತಂಗೆವ್ವ. ಹುಡುಗ ಒಳ್ಳೇಂವ. ಕೂಸಿನ ಮ್ಯಾಲ ನಿನಗೂ ಜೀವ ಐತಿ, ನಾ ನೋಡಿಲ್ಲೇನು? ಅವತ್ತು ಸೀರಿ ಬಿಚ್ಚಲೇ ಇಲ್ಲ ನೀ.”

ನನ್ನ ಒದ್ದೆ ಸೀರೆಯನ್ನೂ ಅವಳು ಲೆಕ್ಕಕ್ಕೆ ಹಿಡಿದಿದ್ದಳು.

“ಕೇಳಲಿಲ್ಲ ಯಾಕ ನೀ?” ಎಂದೆ. “ದೀಪಾ ಮುಟ್ಟಿದ್ಯಲ್ಲ.”

“ಕೇಳಿದ್ರ ಒಲ್ಲೆ ಅಂತಿದ್ದಿ.”

“ಅನ್ನಾಕ ಬಿಡಬೇಕಿತ್ತು.”

ಅಣ್ಣ ಕಟ್ಟೆಯಿಂದಲೇ, ನನ್ನ ಕಡೆ ನೋಡದೆ, “ಮಾತು ಕೊಟ್ಟಾಗೈತಿ. ನಾಳಿ ಬರ್ತಾರ” ಎಂದ. ಅವನಿಗೂ ಎಲ್ಲ ಗೊತ್ತಿತ್ತು. ರಬ್ಬರಿನ ತೊಟ್ಟು ತಂದುಕೊಟ್ಟವನೂ ಅವನೇ ಅಲ್ಲವೆ?

ನನ್ನ ಉರಿಯ ನಿಜವಾದ ಕಾರಣ ಅವರಿಬ್ಬರಿಗೂ ಎಂದೂ ತಿಳಿಯಲಿಲ್ಲ. ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆನೇನೋ. ಆ ತಾಯಿಯ ಕತೆಯನ್ನು ಇದ್ದದ್ದಿದ್ದಂತೆ ಹೇಳಿ, ಕೂಸನ್ನು ಮಡಿಲಿಗಿಟ್ಟು, ‘ಏನಂತೀ ತಂಗೆವ್ವ’ ಎಂದಿದ್ದರೆ, ಅವಳನ್ನೂ ಆಗಾಗ ಕರೆಸಿ ಕೂಸು ತೋರಿಸುವುದಾದರೆ ಬರುತ್ತೇನೆ ಎಂದು ಹೇಳುವಷ್ಟು ಆ ಕೂಸು ನನ್ನೊಳಗೆ ಇಳಿದಿತ್ತು. ಅದನ್ನು ಹೇಳುವ ದಾರಿಯನ್ನೇ ಅವರು ಮುಚ್ಚಿಬಿಟ್ಟರು. ನನಗೆ ಬೆಲ್ಲ ತಿನ್ನಿಸಿದ ಕೈಯೇ ಇದು, ಬೇವು ಅರೆದದ್ದೂ ಇದೇ ಕೈ.

ಮರುದಿನ ಅವರು ಬಂದರು. ಚಿನ್ನವ್ವ, ಇಬ್ಬರು ಹಿರಿಯರು, ಬಾಗಿಲ ಹೊರಗೆ ಕಾಲಿನಲ್ಲಿ ಮಣ್ಣು ಕೆದಕುತ್ತ ನಿಂತ ಒಬ್ಬ ಗಂಡಸು. ಕೂಸು ಚಿನ್ನವ್ವನ ಸೊಂಟದ ಮೇಲೆಯೇ ಇತ್ತು. ಜಮಖಾನೆ ಹಾಸಿ ಕೂರಿಸಿದರು. ಅತ್ತಿಗೆ ತಟ್ಟೆ ಜೋಡಿಸುತ್ತಿದ್ದಳು. ನನಗೆ ಹೊಸ ಸೀರೆ ಉಟ್ಟು ಬಾ ಎಂದಿದ್ದಳು. ನಾನು ಹಾಲಿನ ಕಲೆಯ ಹಳೆಯ ಸೀರೆಯಲ್ಲೇ ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಮರಿಯ ಹಗ್ಗ ಹಿಡಿದು ಬಂದೆ.

“ಚಿನ್ನವ್ವಾರ, ನೀವು ತೊಡಿ ನೋಡಾಕ ಬಂದಾಗೆಲ್ಲ ಈ ಮರಿ ನೋಡಿದ್ರಿ” ಎಂದೆ. “ಇನ್ನೊಮ್ಮೆ ನೋಡ್ರಿ.”

ಅಂಗಳದಲ್ಲಿ ಕುಳಿತೆ. ತೊಟ್ಟು ತೊಳೆದಿದ್ದೆ, ಹಾಲು ಬೆಚ್ಚಗಿತ್ತು. ಗುಲಗಂಜಿ ಎಂದು ಕರೆದು ಬಾಟಲಿಯನ್ನು ಎತ್ತರಕ್ಕೆ ಹಿಡಿದೆ. ಅದು ನನ್ನನ್ನು ನೋಡಿತು, ಬಾಟಲಿಯನ್ನು ನೋಡಿತು, ಹಗ್ಗ ಜಗ್ಗುತ್ತ ದೂರ ಸರಿಯಿತು.

“ಇದರ ತಾಯಿ ಬದುಕೈತಿ. ಮೌಲಾಬಿ ಮನ್ಯಾಗ ಐತಿ. ಇದು ಈಗ ಆ ತಾಯೀದೂ ಕುಡಿಯಂಗಿಲ್ಲ, ನಂದೂ ಕುಡಿಯಂಗಿಲ್ಲ. ಹಿಂಗ ಮಾಡಿದ ತೊಡಿ ನಿಮ್ಮ ಮನಿಗೆ ಬ್ಯಾಡ್ರಿ.”

ಒಳಗಿನಿಂದ ಕೌದಿ ತಂದೆ. ಮಡಿಕೆ ಮಾಡಿ, ಮೂಲೆಗೆ ಗೊಂಡೆ ಕಟ್ಟಿದ್ದೆ. ಚಿನ್ನವ್ವನ ಮುಂದಿಟ್ಟು, “ಸೀರಿ ಯಾರವೋ ಅವರಿಗೆ ಮುಟ್ಟಸ್ರಿ” ಎಂದೆ. ಬಾಗಿಲ ಹೊರಗೆ ನಿಂತಿದ್ದ ಗಂಡಸು ಮುಖ ತಿರುಗಿಸಿ ನಡೆದೇಬಿಟ್ಟ.

ಹಿರಿಯರು ಎದ್ದು ಗದ್ದಲ ಮಾಡಿದರು. ಅಣ್ಣ ನನ್ನ ಮೇಲೆ ಕೈಯೆತ್ತಿಕೊಂಡು ಬಂದು ಅರ್ಧಕ್ಕೇ ನಿಂತ. ಚಿನ್ನವ್ವ ಮಾತ್ರ ಕುಳಿತಲ್ಲೇ ಕೌದಿಯ ಮೇಲೆ ಕೈಯಾಡಿಸಿದಳು. ಹೊಲಿಗೆಯನ್ನು ಅವಳು ನೋಡಿದ್ದು ಅದೇ ಮೊದಲು. “ಕೂಸಿಗೆ ಒಂದು ತೊಡಿ ಬೇಕಾಗಿತ್ತವ್ವ” ಎಂದಳು. “ನಾ ಎಷ್ಟ ದಿನ ಇರ್ತೀನಿ?” ಎದ್ದು ನಿಂತಾಗ ಅವಳ ಸೊಂಟದ ಮೇಲಿನ ಕೂಸು ಮರಿಯ ಕೊರಳ ಕಡೆಗೆ ಕೈ ಚಾಚಿತು. ಕೈ ನಿಲುಕಲಿಲ್ಲ. ಅವರು ಬಾಗಿಲು ದಾಟಿದ ಮೇಲೂ ಓಣಿಯ ತುದಿಯವರೆಗೆ ಅದರ ಅಳು ಕೇಳುತ್ತಿತ್ತು. ಆ ಕೌದಿ ಆ ತಾಯಿಗೆ ಮುಟ್ಟಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಆಮೇಲೆ ಎಲ್ಲಿಗೆ ಹೋಗಲಿ? ಅದೇ ಮನೆಯಲ್ಲಿ ಇದ್ದೆ. ಅದೇ ಒಲೆಯ ಅನ್ನ ಉಂಡೆ. ಅತ್ತಿಗೆ ಬಡಿಸಿದಳು, ನಾನು ಉಂಡೆ; ಅವಳಿಗೆ ಜ್ವರ ಬಂದಾಗ ನಾನು ಗಂಜಿ ಕುಡಿಸಿದೆ. ಕಾಲ ಕಳೆದ ಹಾಗೆ ನಾನು ಎಲ್ಲ ಮರೆತೆನೆಂದು ಜನ ಅಂದುಕೊಂಡರು. ಅಂದುಕೊಳ್ಳಲಿ. ಒಂದು ಹಬ್ಬದ ಬೆಳಿಗ್ಗೆ ಅವಳು ಎಣ್ಣೆಯ ಬಟ್ಟಲು ಹಿಡಿದು, “ಬಾ ತಂಗೆವ್ವ, ತಲಿ ಬಾಚ್ತೀನಿ” ಎಂದು ಬಂದಳು. “ನಾನs ಬಾಚ್ಕೊಂಡೀನಿ” ಎಂದೆ. ಬಾಚಿಕೊಂಡಿರಲಿಲ್ಲ, ಅವಳಿಗೂ ಅದು ಕಾಣುತ್ತಿತ್ತು. ಬಟ್ಟಲನ್ನು ಅಲ್ಲೇ ಗೂಡಿನಲ್ಲಿಟ್ಟು ಹೋದಳು. ಮತ್ತೆಂದೂ ಕರೆಯಲಿಲ್ಲ.

ಗುಲಗಂಜಿ ಬೆಳೆದು ಗಬ್ಬವಾಯಿತು. ಮೋಡ ಕವಿದ ಒಂದು ಸಂಜೆ ಹಿತ್ತಿಲ ಚಪ್ಪರದಲ್ಲಿ ಈದಿತು. ಒಂದೇ ಮರಿ. ನೆಕ್ಕಿ ನೆಕ್ಕಿ ಒಣಗಿಸಿದ ಮೇಲೆ ಅದು ನಡುಗುವ ಕಾಲಿನ ಮೇಲೆ ಎದ್ದು ಹಾಲು ಹುಡುಕಿತು. ಕಣ್ಣು ಸರಿಯಾಗಿ ಕಾಣದು, ತಾಯಿಯ ಹಿಂದು ಮುಂದು ತಿಳಿಯದು. ತಡವರಿಸುತ್ತ ಹೋಗಿ ತಾಯಿಯ ಕೊರಳ ಕೆಳಗೆ ಮೂತಿ ಹಾಕಿ ಆ ಒಂಟಿ ಮೊಲೆಯನ್ನು ಬಾಯಲ್ಲಿ ಹಿಡಿಯಿತು. ಬಾಲ ಆಡಿಸುತ್ತ, ಪೂರಾ ನಂಬಿ ಚೀಪತೊಡಗಿತು.

ಅತ್ತಿಗೆ ಬಿಸಿನೀರಿನ ಪಾತ್ರೆ ಹಿಡಿದು ಚಪ್ಪರದ ಹೊರಗೆ ಬಂದು ನಿಂತದ್ದು ನನಗೆ ಗೊತ್ತಾಯಿತು. ಅವಳಿಗೂ ಆಗ ತಲೆ ನರೆಯತೊಡಗಿತ್ತು. “ಅಲ್ಲಲ್ಲ, ಅಲ್ಲಿಲ್ಲ” ಎಂದು ಮೆಲ್ಲಗೆ ಅಂದಳು, ಮರಿಗೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಮರಿಯನ್ನು ಹಿಡಿದು ಕೆಚ್ಚಲಿನ ಕಡೆ ತಿರುಗಿಸಿದೆ. ಅದು ಕೊಸರಿಕೊಂಡು ಮತ್ತೆ ಕೊರಳಿಗೇ ಹೋಯಿತು. ಹೊರಗೆ ಪಾತ್ರೆಯ ನೀರು ಆರುತ್ತಿತ್ತು. ಮರಿ ಬಹಳ ಹೊತ್ತು ಅದನ್ನೇ ಚೀಪುತ್ತ ನಿಂತಿತ್ತು.